ಮೈಗೆ ಹತ್ತದ ಅನ್ನ

ನಮ್ಮ ಕೇರಿಯ ಹೆಣ್ಣೊಬ್ಬಳು ಸೊರಗಿದರೆ ಊರಿಗೆ ಕಾರಣ ಹುಡುಕುವ ಕಷ್ಟವೇ ಇಲ್ಲ. 'ಉಣ್ಣಾಕಿಲ್ಲ ಅವ್ಕೆ' ಅಂದುಬಿಟ್ಟರೆ ಮುಗೀತು. ಓದಿದ ಡಾಕ್ಟರೂ ಅಷ್ಟೇ ಅಂತಾರೆ. ಹಸಿವು ನಮ್ಮ ಹಣೆಯ ಮೇಲೆ ಬರೆದಿರುವಾಗ ಕರುಳಿನ ಒಳಗೆ ನೋಡೋರು ಯಾರು?

ನನ್ನ ಅಕ್ಕ ಗಾರ್ಮೆಂಟ್ಸಿಗೆ ಹೋಗುವವಳು. ದಿನಕ್ಕೆ ಏಳೆಂಟು ಸಲ ಭೇದಿ. ಮಿಷನ್ ಬಿಟ್ಟು ಎದ್ದರೆ ಸೂಪರ್‌ವೈಸರನ ಬೈಗುಳ. ಅದಕ್ಕೇ ಬೆಳಿಗ್ಗೆ ಉಣ್ಣುವುದನ್ನೇ ಬಿಟ್ಟಳು. ಒಂದು ಆಸ್ಪತ್ರೆಯಲ್ಲಿ ಕರುಳಿನ ಕ್ಷಯ ಅಂತ ಆರು ತಿಂಗಳು ಮಾತ್ರೆ ನುಂಗಿಸಿದರು. ಇನ್ನೊಂದರಲ್ಲಿ 'ಚೆನ್ನಾಗಿ ತಿನ್ನಮ್ಮ, ಹಣ್ಣು, ಹಾಲು' ಅಂದರು. ಅವ್ವ ಸಾಲ ಮಾಡಿ ತಿನ್ನಿಸಿದಳು. ಅಕ್ಕನ ಮೂಳೆ ಇನ್ನಷ್ಟು ಎದ್ದು ಬಂದವು. 'ಏನ್ ತಿಂದ್ರೂ ಮೈಗ್ ಹತ್ತಾಕಿಲ್ಲ ಕಣಪ್ಪ' ಅಂತ ಅವ್ವ ಅತ್ತಳು. ಎರಡು ವರ್ಷವಾದ ಮೇಲೆ ಕ್ಯಾಮೆರಾ ಕೊಳವೆ ಬಿಟ್ಟು ನೋಡಿ ಕ್ರೋನ್ಸ್ ಕಾಯಿಲೆ ಅಂದರು.

ಅವ್ವ ಅಂದದ್ದೇ ವೈದ್ಯಶಾಸ್ತ್ರದ ಮಾತೂ ಹೌದು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಸಣ್ಣ ಕರುಳಿನ ಕೊನೆಯ ಭಾಗದ ಉರಿಯೂತವನ್ನು ವಿವರಿಸಿದರು. ವಿಟಮಿನ್ ಬಿ12 ರಕ್ತಕ್ಕೆ ಸೇರುವುದು ಮುಖ್ಯವಾಗಿ ಆ ಭಾಗದಲ್ಲೇ. ಕಾಲುವೆಯ ಕೊನೇ ಜಮೀನಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಎಷ್ಟು ನೀರು ಬಿಟ್ಟರೇನು, ಕೊನೇ ತೂಬು ಹೂತುಹೋಗಿದ್ದರೆ?

ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತೆ. ಆದ್ದರಿಂದ ಕೊರತೆ ಸದ್ದಿಲ್ಲದೆ ಬರುತ್ತೆ. ನಾಲಿಗೆ ಕೆಂಪಾಗಿ ಉರಿಯುತ್ತೆ, ಸುಸ್ತು, ಮರೆವು. 'ಕಾಲಲ್ಲಿ ಇರುವೆ ಹರದಂಗಾಯ್ತದೆ ಕಣ್ಲಾ' ಅಂತಿದ್ದಳು ಅಕ್ಕ. ಅದು ನರಗಳ ಗೋಳು.

ಇನ್ನೊಂದು ಫೋಲೇಟ್. 1931ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ, ಮುಂಬಯಿಯ ಬಡ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಫೋಲೇಟ್ ಅಂತ ಆಮೇಲೆ ತಿಳಿಯಿತು. ಕರುಳಿನ ಉರಿಗೆ ಕೊಡುವ ಸಲ್ಫಾಸಲಜೀನ್ ಮಾತ್ರೆಯೇ ಫೋಲೇಟನ್ನು ತಡೆಯುತ್ತೆ. ಹಾಗಂತ ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತೆ, ನರ ಒಳಗೊಳಗೇ ಸಾಯುತ್ತಿರುತ್ತೆ. ಕಬ್ಬಿಣವನ್ನೂ ಈ ಉರಿಯೂತ ಹೀರಲು ಬಿಡುವುದಿಲ್ಲ. ದೊಡ್ಡ ಕರುಳಿನ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ರಕ್ತ ಸೋರಿಯೂ ಕಬ್ಬಿಣ ಹೋಗುತ್ತೆ. ವಿಟಮಿನ್ ಡಿ ಕಡಿಮೆಯಾಗಿ, ಜೊತೆಗೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿದರೆ ಮೂಳೆ ಟೊಳ್ಳು.

ಈಗ ತಿನ್ನುವ ಮಾತು. ಸೊಪ್ಪು, ಕಾಳು, ಧಾನ್ಯಗಳಲ್ಲಿ ಬಿ12 ಇಲ್ಲ. ಹಾಲು, ಮೊಟ್ಟೆ, ಮೀನು, ಬಾಡಿನಲ್ಲಿದೆ, ಈಲಿಯಲ್ಲಂತೂ ತುಂಬಿದೆ. ನಮ್ಮ ಹಟ್ಟಿಯವರು ದನದ ಈಲಿ ತಿಂದಾಗ ಮೂಗು ಮುಚ್ಚಿಕೊಂಡವರೇ 'ಪೌಷ್ಟಿಕ ಆಹಾರ ತಿನ್ನಿ' ಅಂತಾರೆ. 2021ರಲ್ಲಿ ಗೋಹತ್ಯೆ ನಿಷೇಧದ ಕಾನೂನು ಬಂತು. ಅದೇ ವರ್ಷದ ಕೊನೆಗೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ಮಕ್ಕಳ ತಟ್ಟೆಗೆ ಕೈ ಹಾಕುವ ಧರ್ಮ ಯಾವುದು ಸ್ವಾಮಿ?

ಆದರೆ ಗೆಳೆಯರೇ, ಇಷ್ಟಕ್ಕೇ ನಿಲ್ಲಿಸಿದರೆ ನಮ್ಮದೂ ಅರ್ಧ ಸತ್ಯವೇ. ಹದಗೆಟ್ಟ ಆ ತುದಿ ಕರುಳಿಗೆ ಈಲಿ ತಿಂದರೂ ಸಾಲದು. ಅಕ್ಕನಿಗೆ ಬೇಕಾದದ್ದು ಬಿ12 ಸೂಜಿ. ಸೂಜಿಯ ಮದ್ದು ಅಂಥ ದುಬಾರಿಯಲ್ಲ. ದುಬಾರಿಯಾದದ್ದು ಅದರ ತನಕ ಹೋಗುವ ದಾರಿ. ಬಸ್ ಚಾರ್ಜು, ರಕ್ತಪರೀಕ್ಷೆ, ಕಳೆದುಕೊಂಡ ದಿನದ ಸಂಬಳ. ತಟ್ಟೆಗೆ ಅನ್ನ ಬರದಂತೆ ತಡೆದ ಸಮಾಜ, ತಟ್ಟೆ ತುಂಬಿದಾಗಲೂ ಮೈಗೆ ಹತ್ತದಂತೆ ಮಾಡುವ ರೋಗ. ಅಕ್ಕ ಎರಡರ ನಡುವೆ ಹೊಲಿಗೆ ಹಾಕುತ್ತಿದ್ದಾಳೆ.

ಹಳ್ಳಿ ಮೇಷ್ಟ್ರುಗಳೇ, ಪದೇ ಪದೇ ಹೊರಗೆ ಹೋಗಲು ಕೇಳುವ, ವಯಸ್ಸಿಗೆ ತಕ್ಕಂತೆ ಬೆಳೆಯದ ಹುಡುಗನನ್ನು ಗದರಿಸಬೇಡಿ. ಮಕ್ಕಳ ಬೆಳವಣಿಗೆಯನ್ನೇ ಈ ರೋಗ ಹಿಡಿದು ನಿಲ್ಲಿಸುತ್ತೆ. ಸಂಘದ ಗೆಳೆಯರೇ, ಭೂಮಿಗೆ, ಕೂಲಿಗೆ ಕೊಡುವ ಮನವಿಯಲ್ಲಿ ಇದನ್ನೂ ಬರೆಯಿರಿ: ಬಿ12, ಫೋಲೇಟ್, ಡಿ, ಕಬ್ಬಿಣದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ, ದುಡಿಯುವ ಹೆಣ್ಣು ಮಿಷನ್ ಬಿಟ್ಟು ಏಳಲು ಯಾರ ಅಪ್ಪಣೆಯೂ ಬೇಡವಾಗಲಿ.