ಹನಿ ಎಣ್ಣೆಯ ವ್ಯಾಜ್ಯ

ಎಣ್ಣೆಯನ್ನು ನಾವು ಒಳ್ಳೆಯ ವಸ್ತುವೆಂದೇ ನಂಬಿ ಬೆಳೆದವರು. ನೆತ್ತಿಗೆ ಎಣ್ಣೆ, ದೀಪಕ್ಕೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಬಂಡಿಯ ಅಚ್ಚಿಗೆ ಕೀಲೆಣ್ಣೆ. ಹೀಗಿರುವಾಗ, ಮೋಟಾರು ಕಾರಿನ ಗಾಳಿಯ ಜರಡಿಗೂ ಎಣ್ಣೆ ಹಚ್ಚಬೇಕೆಂದು ಯಾರಾದರೂ ಹೇಳಿದರೆ ನಮಗೆ ಅನುಮಾನವೇ ಹುಟ್ಟುವುದಿಲ್ಲ. ಆದರೆ ಅಂಥ ಎಣ್ಣೆಯ ಹನಿಯೊಂದು ಇಬ್ಬರು ಸಜ್ಜನರ ನಡುವೆ ವ್ಯಾಜ್ಯ ಹೂಡಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾರು ಪೆಟ್ರೋಲು ಕುಡಿಯುತ್ತದೆಂದು ನಾವು ಗೊಣಗುತ್ತೇವೆ. ಅದು ಕುಡಿಯುವ ಗಾಳಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಪಾಲು ಗಾಳಿ ಬೇಕು. ಎಂದರೆ ಲೀಟರೊಂದಕ್ಕೆ ಹೆಚ್ಚುಕಡಿಮೆ 9,000 ಲೀಟರು ಗಾಳಿ! ಅದರೊಡನೆ ನಮ್ಮ ರಸ್ತೆಗಳ ಧೂಳೂ ಒಳಹೊಕ್ಕರೆ ಸಿಲಿಂಡರಿನ ಗೋಡೆ ಮರಳುಕಾಗದ ತಿಕ್ಕಿದಂತೆ ಸವೆಯುತ್ತದೆ. ಅದಕ್ಕಾಗಿಯೇ ಹೆಬ್ಬಾಗಿಲಲ್ಲಿ ಕಾಗದದ ಮಡಿಕೆಗಳ ಏರ್ ಫಿಲ್ಟರ್ ಕಾವಲಿರುತ್ತದೆ. ಅದು ಕೊಳೆಯಾದರೆ ಎಸೆದು ಹೊಸದನ್ನು ಹಾಕಬೇಕು.

ಎಸೆಯುವುದೆಂದರೆ ನಮ್ಮಲ್ಲಿ ಅನೇಕರಿಗೆ ಸಂಕಟ. ಅಂಥವರ ಕಣ್ಣಿಗೆ ಬೀಳುವುದು ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್. ತಂತಿಬಲೆಗಳ ನಡುವೆ ಮಡಿಸಿಟ್ಟ ಜಾಳುಬಟ್ಟೆಯ ಕಣ್ಣು ದೊಡ್ಡದು. ಗಾಳಿ ಸಲೀಸಾಗಿ ನುಗ್ಗುತ್ತದೆ, ಧೂಳು ಎಣ್ಣೆಗೆ ಅಂಟಿ ಹಿಂದೆ ಉಳಿಯುತ್ತದೆ. ಒಗೆದು, ಒಣಗಿಸಿ, ಮತ್ತೆ ಎಣ್ಣೆ ಹಚ್ಚಿದರೆ ವರ್ಷಗಟ್ಟಲೆ ಬಾಳುತ್ತದೆ. ಉಪಾಯವೇನೂ ಹೊಸದಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿ ಎಣ್ಣೆಯ ಬಟ್ಟಲನ್ನೇ ಸೋಕಿ ಒಳಗೆ ಬರುತ್ತಿತ್ತು. ಅಲ್ಲಿ ಹನಿ ಎಣ್ಣೆ ಗಾಳಿಯ ಜೊತೆ ಸಾಗಿದರೂ ಅದರ ಮೇಲೆ ದೂರು ಹೇಳುವವರಿರಲಿಲ್ಲ. ಗಾಳಿಯನ್ನು ಅಳೆಯುವವರೇ ಅಲ್ಲಿರಲಿಲ್ಲ.

ಅಳೆಯುವ ಉಪಕರಣ ಬಂದುದು ತರುವಾಯ. ಕಾದ ತಂತಿಯ ಮೇಲೆ ಗಾಳಿ ಬೀಸಿದರೆ ಅದು ಎಷ್ಟು ಶಾಖವನ್ನು ಕಳೆದುಕೊಳ್ಳುತ್ತದೆಂಬ ನಿಯಮವನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ಕಿಂಗ್ ಎಂಬ ವಿಜ್ಞಾನಿ 1914ರಲ್ಲಿ ಪ್ರಕಟಿಸಿದರು. ಮಗುವಿನ ಬಿಸಿ ಗಂಜಿಯನ್ನು ಊದಿ ಆರಿಸುವ ತಾಯಿಗೂ ಈ ತತ್ತ್ವ ಗೊತ್ತು. ಅವಳು ಸೂತ್ರ ಬರೆದಿಡಲಿಲ್ಲ, ಅಷ್ಟೆ. ಜರ್ಮನಿಯ ಬಾಷ್ ಕಂಪನಿ 1980ರ ದಶಕದ ಆದಿಯಲ್ಲಿ ಇದನ್ನು ಕಾರಿಗೆ ಅಳವಡಿಸಿತು. ಫಿಲ್ಟರಿನ ಹಿಂದೆ, ಗಾಳಿಯ ಕೊಳವೆಯೊಳಗೆ, ಕೂದಲೆಳೆಯಷ್ಟು ತೆಳ್ಳನೆಯ ಪ್ಲಾಟಿನಮ್ ತಂತಿ. ಅದರ ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ತು ಬೇಕಾಯಿತೆಂಬುದರಿಂದ ಗಾಳಿಯ ತೂಕ ತಿಳಿಯುತ್ತದೆ; ಕಾರಿನ ಕಂಪ್ಯೂಟರು ಅದಕ್ಕೆ ತಕ್ಕಷ್ಟು ಪೆಟ್ರೋಲು ಬಡಿಸುತ್ತದೆ. ಆ ತಂತಿಗೆ ನಿತ್ಯವೂ ಅಗ್ನಿಸ್ನಾನವಿತ್ತು. ಎಂಜಿನ್ ನಿಲ್ಲಿಸಿದೊಡನೆ ಕ್ಷಣಕಾಲ ಸುಮಾರು 1,000 ಡಿಗ್ರಿ ಸೆಲ್ಸಿಯಸ್ಸಿಗೆ ಕಾದು, ಮೈಮೇಲಿನ ಕೊಳೆಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಈಚಿನ ತೆಳುಪದರದ ಸೆನ್ಸರುಗಳಿಗೆ ಸಾಮಾನ್ಯವಾಗಿ ಆ ಸ್ನಾನವಿಲ್ಲ.

ಇಲ್ಲಿಯೇ ತೊಡಕು. ಬಟ್ಟೆಗೆ ಎಣ್ಣೆ ಹೆಚ್ಚಾದರೆ ಅದು ತುಂತುರಾಗಿ ಹಾರಿ ಸೆನ್ಸರಿನ ಮೇಲೆ ಕುಳಿತು, ಅಲ್ಲಿ ನವುರಾದ ಧೂಳನ್ನು ಹಿಡಿದುಕೊಳ್ಳಬಹುದು. ಕಂಬಳಿ ಹೊದ್ದವನಿಗೆ ಗಾಳಿಯ ಚಳಿ ತಿಳಿಯದು. ಸೆನ್ಸರೂ ಹಾಗೆಯೇ, ಬಂದ ಗಾಳಿಯನ್ನು ಕಡಿಮೆಯೆಂದು ವರದಿ ಮಾಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಪೆಟ್ರೋಲನ್ನು ಕಡಿತ ಮಾಡುತ್ತದೆ. ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ.

ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರ ಕಾರಿಗೆ ಆದುದು ಇದೇ. ಅವರು ತಮ್ಮ ಫಿಲ್ಟರನ್ನು ತಾವೇ ಒಗೆದು, ಹಬ್ಬದ ದಿನ ಮೊಮ್ಮಗನ ತಲೆಗೆ ಒತ್ತುವಷ್ಟು ಧಾರಾಳವಾಗಿ ಎಣ್ಣೆ ಹಚ್ಚಿದ್ದರು. ಅದೇ ವಾರ ಕಾರು ಎಂಜಿನ್ ಆಯಿಲ್ ಬದಲಾವಣೆಗೆಂದು ನಮ್ಮೂರಿನ ಗ್ಯಾರೇಜಿಗೆ ಹೋಗಿ ಬಂದಿತ್ತು. ಎಂಟು ದಿನಗಳಲ್ಲಿ ಮುಂದಿನ ಫಲಕದ ಹಳದಿ ದೀಪ ಹೊತ್ತಿತು. “ಒಳ್ಳೆಯ ಸೆನ್ಸರನ್ನು ಬಿಚ್ಚಿಕೊಂಡು ಕೆಟ್ಟದ್ದನ್ನು ಕೂರಿಸಿದ್ದಾನೆ” ಎಂದು ಅವರು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರು ನುಡಿದರು. ಆ ಮೆಕ್ಯಾನಿಕ್ಕಿನ ಗಿರಾಕಿಗಳಲ್ಲಿ ಅರ್ಧ ಪಾಲು ನಮ್ಮವರೇ. ಈ ಮಾತು ನಿಂತರೆ ಅವನ ಬಾಗಿಲು ಮುಚ್ಚುತ್ತದೆ. ಅವನನ್ನು ನಂಬಿ ಇಬ್ಬರು ಹುಡುಗರು ಅಲ್ಲಿ ದುಡಿಯುತ್ತಿದ್ದರು.

ಹಿರಿಯರ ಜೊತೆಗೆ ನಾನೂ ಹೋದೆ. ಮೆಕ್ಯಾನಿಕ್ ಎದುರಾಡಲಿಲ್ಲ. ಸ್ಕ್ಯಾನರ್ ಜೋಡಿಸಿದ, ‘ಪಿ 0171’ ಎಂದು ತೋರಿತು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಅದರ ಅರ್ಥ. ಅನಂತರ ಕೊಳವೆ ಬಿಚ್ಚಿ, ಒಂದು ಬಿಳಿಯ ಬಟ್ಟೆಯಿಂದ ಒಳಗೋಡೆಯನ್ನು ಒರೆಸಿ ನಮ್ಮ ಮುಂದೆ ಹಿಡಿದ. ಕೆಂಪು ಕಲೆ. “ನಾನು ಹಾಕಿದ ಎಂಜಿನ್ ಆಯಿಲ್ ಈ ಬಣ್ಣದ್ದಲ್ಲ ಸಾರ್” ಎಂದ. ಫಿಲ್ಟರಿನ ಎಣ್ಣೆಗೆ ಕೆಂಪು ಬಣ್ಣ ಬೆರೆಸಿತ್ತು. ಸೆನ್ಸರಿಗೆಂದೇ ಇರುವ ದ್ರವವನ್ನು, ಬೆರಳು ತಾಗಿಸದೆ, ಅದರ ಮೇಲೆ ಸಿಂಪಡಿಸಿ, ಆರಲು ಬಿಟ್ಟು, ಕಾಗದದ ಫಿಲ್ಟರ್ ಹಾಕಿಕೊಟ್ಟ. ಕಾರು ಬೆಟ್ಟದ ರಸ್ತೆಯನ್ನು ತಡವರಿಸದೆ ಹತ್ತಿತು. “ಎಣ್ಣೆಯದು ತಪ್ಪಲ್ಲ ಸಾರ್, ಅಳತೆ ತಪ್ಪಿದ್ದು” ಎಂದು ಅವನೇ ತೀರ್ಪು ಹೇಳಿದ.

ಅದು ನ್ಯಾಯವಾದ ತೀರ್ಪು. ಹದವರಿತು ಹಚ್ಚಿದರೆ ಸೆನ್ಸರಿಗೆ ಬಾಧೆಯಿಲ್ಲವೆಂದು ತಯಾರಕರೂ ಹೇಳುತ್ತಾರೆ. ಆದರೆ ಆ ಹದ ಮನೆಯಂಗಳದಲ್ಲಿ ಸುಲಭವಾಗಿ ಕೈಗೆ ಹತ್ತುವುದಿಲ್ಲ. ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಪದ್ಯ ಕುಂಟುವುದನ್ನು ದಿನವೂ ಬೋಧಿಸುವ ನನಗೆ ಇದು ಆಶ್ಚರ್ಯವೆನಿಸಲಿಲ್ಲ. ಇಷ್ಟೆಲ್ಲ ಪಟ್ಟ ಪಾಡಿಗೆ ಲಾಭವೆಷ್ಟು? ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ನೋಡಿದಾಗ, ಇಂದಿನ ಬಗೆಯ ಪೆಟ್ರೋಲು ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೇಗ ಕೂಡಿಸಿಕೊಳ್ಳುವುದು ಮಾತ್ರ ನಿಧಾನವಾಯಿತು. ಕಟ್ಟಿಕೊಂಡ ಕಾಗದದಿಂದಲೇ ಆಗದ ನಷ್ಟವನ್ನು ಜಾಳುಬಟ್ಟೆ ಬಂದು ತುಂಬಿಕೊಡುವುದೆಲ್ಲಿಂದ? ಎಷ್ಟೋ ಸಣ್ಣ ಕಾರುಗಳು ಗಾಳಿಯನ್ನು ತೂಗದೆ ಒತ್ತಡದಿಂದಲೇ ಅಂದಾಜು ಮಾಡುತ್ತವೆ. ಅವುಗಳಲ್ಲಿ ಈ ವ್ಯಾಜ್ಯಕ್ಕೆ ಆಸ್ಪದವಿಲ್ಲ. ಆದುದರಿಂದ ಎಣ್ಣೆಯ ಸೀಸೆ ಕೊಳ್ಳುವ ಮೊದಲು, ತಮ್ಮ ಕಾರು ಯಾವ ಬಗೆಯದೆಂದು ವಾಚಕರು ವಿಚಾರಿಸಿಕೊಳ್ಳುವುದು ಲೇಸು.

ಸೆನ್ಸರು ಸುಳ್ಳುಗಾರನಲ್ಲ. ಮುಸುಕಿನೊಳಗಿಂದ ತನಗೆ ತೋರಿದ್ದನ್ನು ಪ್ರಾಮಾಣಿಕವಾಗಿ ಹೇಳಿತು. ನಮ್ಮ ಹಿರಿಯರೂ ಅಷ್ಟೆ. ಸೆನ್ಸರನ್ನು ತೊಳೆಯುವ ದ್ರವ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಜನರ ಕಿವಿಗೆ ಬಿದ್ದ ಮಾತನ್ನು ತೊಳೆಯುವುದಕ್ಕೆ ಆಡಿದ ಬಾಯೇ ಬೇಕು. ಮರುದಿನ ಅವರು ಅದೇ ಕೊಠಡಿಯಲ್ಲಿ, ಪತ್ರಿಕೆಯಿಂದ ತಲೆಯೆತ್ತದೆ, “ಆ ಹುಡುಗನದೇನೂ ತಪ್ಪಿಲ್ಲ ಕಣ್ರಯ್ಯ, ಎಣ್ಣೆ ಹೆಚ್ಚು ಹಚ್ಚಿದ್ದು ನಾನು” ಎಂದರು. ಗ್ಯಾರೇಜಿನ ಬಾಗಿಲು ಇಂದಿಗೂ ತೆರೆದಿದೆ.