ನಲವತ್ತು ದಿನದ ಲೆಕ್ಕ

ನಮ್ಮ ಮನೆಗಳಲ್ಲಿ ಅದಕ್ಕೆ ಚಿಲ್ಲಾ ಎನ್ನುತ್ತಾರೆ, ಪಕ್ಕದ ನೇಕಾರರ ಮನೆಯಲ್ಲಿ ಬಾಣಂತನ. ಹೆಸರು ಬೇರೆಯಾದರೂ ಇಳಕಲ್ಲಿನ ನಮ್ಮ ಓಣಿಯಲ್ಲಿ ಕತ್ತಲೆ ಕೋಣೆ, ಹೊರಸಿನ ಕೆಳಗಿನ ಕೆಂಡ, ಕಿವಿಗೆ ಬಿಗಿದ ಬಟ್ಟೆ, ಅಂಟಿನುಂಡೆ ಎಲ್ಲ ಒಂದೇ. ನಲವತ್ತನೆಯ ದಿನ ತಲೆಗೆ ನೀರೆರೆದರೆ ಬಾಣಂತಿ ಮತ್ತೆ ಮನೆಯ ಆಳು.

ಉರ್ದು ಶಾಲೆಯ ದಿನಗಳಲ್ಲಿ ನಾನು ಓದಿದ ಮಸಲೆಗಳ ಪುಸ್ತಕದಲ್ಲಿ ನಲವತ್ತು ಎಂಬುದು ನಿಫಾಸಿನ ಹೆಚ್ಚೆಂದರೆ ಎಂಬ ಮಿತಿ. ರಕ್ತ ಮೊದಲೇ ನಿಂತರೆ ಸ್ನಾನ ಮಾಡಿ ನಮಾಜು ಮಾಡಬೇಕು. ಅದು ಇಬಾದತ್ತಿನ ಲೆಕ್ಕ. ಗರ್ಭಕೋಶದ ಲೆಕ್ಕ ಬೇರೆಯೇ ಇದೆ. ಹೆತ್ತ ಕೂಡಲೆ ಅದು ಸುಮಾರು 1 ಕಿಲೋ ತೂಗುತ್ತದೆ, ಹೊಕ್ಕುಳ ಮಟ್ಟದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತದೆ. ದಿನಕ್ಕೆ ಬೆರಳಗಲ ಇಳಿಯುತ್ತ, ಎರಡು ವಾರಕ್ಕೆ ಒಳಗೆ ಮರೆಯಾಗಿ, 6 ವಾರಕ್ಕೆ 60-70 ಗ್ರಾಮಿಗೆ ಬರುತ್ತದೆ. ಮಗು ಮೊಲೆ ಹಿಡಿದಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಈ ಕುಗ್ಗುವಿಕೆಯೇ. ಸ್ರಾವ ಕೆಂಪಿನಿಂದ ಕಂದಾಗಿ ಕೊನೆಗೆ ಬಿಳಿಯಾಗಬೇಕು. ಅದು ನಾತ ಹೊಡೆದರೆ, ಜ್ವರ ಬಂದರೆ, ಗಂಟೆಗೊಂದು ಬಟ್ಟೆ ತೋಯ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ನಮ್ಮ ಹಿರಿಯರು ಮಾತ್ರ, “ಕೆಟ್ಟ ರಕ್ತ, ಹೋಗಲಿ ಬಿಡು” ಎಂದುಬಿಡುತ್ತಾರೆ.

ಹಳೆಯ ಸೀರೆ ಸೀಳಿ ಹೊಟ್ಟೆಗೆ ಬಿಗಿಯುತ್ತಾರೆ. ನಡುವಿಗೆ ಆಸರೆಯೇನೋ ಹೌದು, ಗರ್ಭಕೋಶ ಮಾತ್ರ ಅದರಿಂದ ಕುಗ್ಗುವುದಿಲ್ಲ. ಅತಿಯಾಗಿ ಬಿಗಿದರೆ ಭಾರವೆಲ್ಲ ಕೆಳಕ್ಕೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟ ಕಸಿಯುತ್ತಾರೆ. ನೀರಿಲ್ಲದೆ ಮಲ ಗಟ್ಟಿಯಾಗಿ, ಬಾಣಂತಿ ಮುಕ್ಕಿರಿಯಬೇಕಾಗಿ, ಹೆರಿಗೆಯಲ್ಲಿ ಸಡಿಲಾದ ಅದೇ ಸ್ನಾಯುಗಳಿಗೆ ಮತ್ತೆ ಪೆಟ್ಟು.

ನೇಕಾರರ ಮನೆಯಲ್ಲಂತೂ ನಲವತ್ತೂ ಸಿಗುವುದಿಲ್ಲ. ನಮ್ಮ ನೆರೆಯಾಕೆ, ಹುನಗುಂದದ ಕಡೆಯ ಹೆಣ್ಣುಮಗಳು, ನಾಲ್ಕು ಹೆತ್ತವಳು. ಪ್ರತಿ ಸಲವೂ ಇಪ್ಪತ್ತು ದಿನಕ್ಕೆ ಕಂಡಿಕೆ ಸುತ್ತಲು ಕೂತು, ತಿಂಗಳಿಗೆ ಗುಂಡಿಮಗ್ಗಕ್ಕೆ ಇಳಿದಳು. ಹೆರಿಗೆ ಸೌಲಭ್ಯದ 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ರಜೆ 26 ವಾರವಾಯಿತು. ತನ್ನ ಮನೆಯ ಮಗ್ಗದಲ್ಲಿ ಮಾಲೀಕನ ಸೀರೆ ನೇಯುವವಳಿಗೆ ರಜೆ ಕೊಡುವವರು ಯಾರು? ಅದೇ ವರ್ಷ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಿಸಿಯೂಟವಿತ್ತು, ಆದರೆ ಅಂಗನವಾಡಿಗೆ ನಡೆದು ಹೋಗಿ ಉಣ್ಣಬೇಕಿತ್ತು. ಮಗ್ಗಕ್ಕೆ ಇಳಿಸುವ ಮನೆಯೇ ಊಟಕ್ಕೆ ಹೊಸಿಲು ದಾಟಿಸುವುದಿಲ್ಲ, ಗಾಳಿ ಹಿಡಿಯುತ್ತದಂತೆ!

“ಕೆಳಗ ಏನೋ ಜಾರಿದಂಗ ಆಗತೈತ್ರಿ ಅಕ್ಕಾ” ಎಂದು ಆಕೆ ನನಗೆ ಹೇಳಿದ್ದು ಕೊನೆಯ ಮಗು ಶಾಲೆ ಸೇರಿದ ಮೇಲೆ. ಕೆಮ್ಮಿದರೂ ನಕ್ಕರೂ ಸೀರೆ ಒದ್ದೆ. ಮಗ್ಗವೊಂದೇ ಕಾರಣ ಎನ್ನಲಾರೆ. ಮೇಲಿಂದ ಮೇಲೆ ಬಸಿರು, ದೀರ್ಘ ಹೆರಿಗೆ, ತುಂಬಿದ ಕೊಡ ಎಲ್ಲ ಸೇರಿವೆ. ಗಂಡನಿಗೆ ಹೇಳಿರಲಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ.

ನಮ್ಮದೇ ಜಿಲ್ಲೆಯ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಚಾಲುಕ್ಯರ ಕಾಲದ ಲಜ್ಜಾಗೌರಿ ಇದ್ದಾಳೆ. ಹೆರುವ ಭಂಗಿಯಲ್ಲಿ ಕಾಲು ಮಡಚಿದ್ದಾಳೆ, ತಲೆಯಿರಬೇಕಾದಲ್ಲಿ ತಾವರೆ. ಶಿಲ್ಪಿಗೆ ನಾಚಿಕೆಯಿರಲಿಲ್ಲ; ಲಜ್ಜೆ ಹೆಸರಿನಲ್ಲಷ್ಟೇ ಇದೆ. ಆದರೂ ಆಕೆಗೆ ಬಾಯಿಲ್ಲವಲ್ಲ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಯಾರೋ ಆಕೆಗೆ “ಚೀಲ ತೆಗೆಸಿಬಿಡು” ಎಂದಿದ್ದರು. ಬಾಗಲಕೋಟೆಯ ವೈದ್ಯೆ ತೆಗೆಯಲಿಲ್ಲ. ಒಳಗೆ ಒಂದು ಉಂಗುರ ಕೂರಿಸಿ, ಮೂತ್ರ ತಡೆದಂತೆ ಸ್ನಾಯು ಬಿಗಿದು ಬಿಡುವ ವ್ಯಾಯಾಮ ಕಲಿಸಿದರು. ಮಗ್ಗದಲ್ಲಿ ಕೂತೇ ಮಾಡಬಹುದೆಂದು ಆಕೆಗೆ ಅದರಲ್ಲೇ ಖುಷಿ.

ಆಕೆಯ ಸೊಸೆಗೆ ಈಗ ಏಳು ತಿಂಗಳು. ಎರಡು ತಿಂಗಳ ಮಟ್ಟಿಗೆ ಕಂಡಿಕೆ ಸುತ್ತಲು ಯಾರಾದರೂ ಸಿಗುತ್ತಾರೆಯೇ ಎಂದು ಮೊನ್ನೆ ಓಣಿಯಲ್ಲೆಲ್ಲ ವಿಚಾರಿಸುತ್ತಿದ್ದಳು.