ಕುರ್ತುಬಾದ ಮಿಹ್ರಾಬಿನ ಮುಂದೆ

ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯೇನಾಯಿತೆಂದು ನೋಡಲು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಸ್ಪೇನಿನ ಕಾರ್ಡೊಬಾದಲ್ಲಿ, ಅಂದರೆ ಇತಿಹಾಸದ ಕುರ್ತುಬಾದಲ್ಲಿ, ಒಂದು ದಿನ ಕಳೆದಾಗ ಆ ಕರೆಯ ಅರ್ಥ ನನಗೆ ತಟ್ಟಿತು.

ರೋಮನ್ ಸೇತುವೆಯ ಕೆಳಗೆ ಗ್ವಾದಲ್ಕಿವಿರ್ ಹರಿಯುತ್ತಿತ್ತು. ಅರಬಿಯ ‘ಅಲ್ ವಾದಿ ಅಲ್ ಕಬೀರ್’ ಸ್ಪ್ಯಾನಿಷ್ ನಾಲಿಗೆಯಲ್ಲಿ ಹೀಗಾಗಿದೆ. ಸೇತುವೆ ದಾಟಿದರೆ ಮಹಾ ಮಸೀದಿ. ಎಂಟನೆಯ ಶತಮಾನದಲ್ಲಿ ಒಂದನೆಯ ಅಬ್ದುರ್ರಹ್ಮಾನ್ ಆರಂಭಿಸಿದ ಈ ಕಟ್ಟಡವನ್ನು ನಂತರದ ಅರಸರು ವಿಸ್ತರಿಸಿದರು. 1236ರಲ್ಲಿ ನಗರವು ಮೂರನೆಯ ಫರ್ಡಿನಾಂಡನ ವಶವಾದಾಗ ಇದು ಚರ್ಚ್ ಆಯಿತು. ಹದಿನಾರನೆಯ ಶತಮಾನದಲ್ಲಿ ಇದರ ನಡುವೆಯೇ ಕ್ಯಾಥೆಡ್ರಲ್ ಎದ್ದಿತು. 800ಕ್ಕೂ ಹೆಚ್ಚು ಕಂಬಗಳು, ಕೆಂಪು-ಬಿಳಿ ಪಟ್ಟೆಯ ಜೋಡಿ ಕಮಾನುಗಳು, ಕೊನೆಯಲ್ಲಿ ಕಂಬಿಯಾಚೆ ಮಿಹ್ರಾಬ್. ಬಂಗಾರದ ಬಣ್ಣದ ಮೊಸಾಯಿಕ್‌ನಲ್ಲಿ ಕುರ್‌ಆನಿನ ಸೂಕ್ತಗಳು ಇಂದಿಗೂ ಹೊಳೆಯುತ್ತಿವೆ.

ಝುಹರ್ ಸಮಯವಾಗಿತ್ತು. “ಅಬ್ಬಾ, ಇಲ್ಲೇ ನಮಾಝ್ ಮಾಡೋಣವೇ?” ಎಂದು ಮಗಳು ಕೇಳಿದಳು. ಅನುಮತಿಯಿಲ್ಲವೆಂದೆ. “ಹಾಗಾದರೆ ನಾವು ಇದನ್ನು ಕಳೆದುಕೊಂಡದ್ದು ಹೇಗೆ?” ಎಂದಳು.

ಶತ್ರು ಸೈನ್ಯದ ಕಥೆ ಹೇಳಿ ಮುಗಿಸಬಹುದಿತ್ತು. ಆದರೆ ಸತ್ಯ ಅಷ್ಟೇ ಅಲ್ಲ. ಅದಕ್ಕೆ ಎರಡು ಶತಮಾನ ಮೊದಲೇ ಅಧಿಕಾರಕ್ಕಾಗಿ ಮುಸ್ಲಿಮರು ಪರಸ್ಪರ ಕಾದಾಡಿದ್ದರು. ಸಮೀಪದ ಮದೀನತುಝ್ಝಹ್ರಾ ಎಂಬ ಅರಮನೆ-ನಗರವು ಆ ಅಂತಃಕಲಹದಲ್ಲೇ ಹಾಳಾಯಿತು. 1031ರಲ್ಲಿ ಖಿಲಾಫತ್ ಕೊನೆಗೊಂಡು ನಾಡು ಚೂರುಚೂರಾಯಿತು. ಇದೇ ಊರಿನಲ್ಲಿ ಜನಿಸಿದ ಇಬ್ನ್ ರುಶ್ದ್‌ರನ್ನು ಇಳಿವಯಸ್ಸಿನಲ್ಲಿ ಗಡೀಪಾರು ಮಾಡಿ, ಅವರ ತತ್ವಶಾಸ್ತ್ರ ಗ್ರಂಥಗಳನ್ನು ಸುಡಿಸಿದವನೂ ಮುಸ್ಲಿಮ್ ಅರಸನೇ.

ಇದನ್ನು ಮಗಳಿಗೆ ವಿವರಿಸುತ್ತಿದ್ದಂತೆ ನನ್ನ ಮಾತು ತಡವರಿಸಿತು. ಊರಿನಲ್ಲಿ ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಮಸೀದಿಯಿದೆ. ಆಡಳಿತ ಸಮಿತಿಯ ವಿಚಾರದಲ್ಲಿ ನೆರೆಯವರೊಬ್ಬರೊಂದಿಗೆ ಮುನಿಸಿಕೊಂಡು, ನಾನು ಅಲ್ಲಿಗೆ ಕಾಲಿಡದೆ ಎಂಟು ತಿಂಗಳಾಗಿತ್ತು. ಪ್ರವೇಶವಿಲ್ಲದ ಮಿಹ್ರಾಬಿನ ಮುಂದೆ ಕಣ್ಣು ತೇವವಾಗುವ ನಾನು, ಬಾಗಿಲು ತೆರೆದೇ ಇರುವ ಮಸೀದಿಗೆ ಬೆನ್ನು ಹಾಕಿದ್ದೆ!

ಹೊರಬಂದು ನದೀತೀರದಲ್ಲಿ ಬಟ್ಟೆ ಹಾಸಿ, ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಎರಡು ರಕಅತ್ ನಿರ್ವಹಿಸಿದೆವು. ಇಡೀ ಭೂಮಿಯೇ ಮಸೀದಿಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ?

ಊರಿಗೆ ಮರಳಿದ ಮರುದಿನ ಫಜ್ರ್‌ಗೆ ನಮ್ಮ ಮಸೀದಿಗೆ ಹೋದೆ. ಸಫ್‌ನಲ್ಲಿ ಆ ನೆರೆಯವರ ಪಕ್ಕದಲ್ಲೇ ಜಾಗ ಖಾಲಿಯಿತ್ತು. ನಮಾಝ್ ಮುಗಿದ ಬಳಿಕ ನಾನೇ ಮೊದಲು ಸಲಾಮ್ ಹೇಳಿದೆ. ಅವರು ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ನಮ್ಮ ಮಸೀದಿಗಳನ್ನು ನಮ್ಮದೇ ಮುನಿಸುಗಳಿಂದ ಅಲ್ಲಾಹನು ಕಾಪಾಡಲಿ, ಆಮೀನ್.